ಹೈದರಾಬಾದ್, ಬೆಂಗಳೂರಿಗೆ ಹೋದರೆ ಸಸ್ತಾ ನಾಷ್ಟಾ ಎಲ್ಲಿ? ಲಾಡ್ಜ್ ಹತ್ತಿರ ಹುಡುಕುವ ಬಗೆ, ಮನೆಯಲ್ಲೇ ಹಾಕಬೇಕಾದ ಲೆಕ್ಕ

ನಿರ್ಣಾ: ದವಾಖಾನೆಗೆ ಅಂತ ಹೈದರಾಬಾದ್‌ಗೆ ಹೋಗುವವರು, ಅಂಗಡಿಗೆ ಮಾಲು ತರಲು ಬೇಗಂ ಬಜಾರ್‌ಗೆ ಹೋಗುವವರು, ಕಚೇರಿ ಕೆಲಸಕ್ಕೋ ಮಕ್ಕಳ ಅಡ್ಮಿಷನ್‌ಗೋ ಬೆಂಗಳೂರು ರೈಲು ಹತ್ತುವವರು ಈ ಭಾಗದಲ್ಲಿ ದಿನವೂ ಇದ್ದಾರೆ. ಬಸ್ ಚಾರ್ಜು, ಲಾಡ್ಜ್ ಬಾಡಿಗೆ, ಡಾಕ್ಟರ್ ಫೀ ಎಲ್ಲವನ್ನೂ ಮನೆಯಲ್ಲೇ ಲೆಕ್ಕ ಹಾಕಿ ರೊಕ್ಕ ಕಟ್ಟಿಕೊಂಡು ಹೊರಡುತ್ತಾರೆ. ನಾಷ್ಟಾದ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಮೂರನೇ ದಿನ ಜೇಬು ಮುಟ್ಟಿ ನೋಡಿಕೊಂಡಾಗ ಅದು ಗೊತ್ತಾಗುತ್ತದೆ.

ಒಬ್ಬ ಪೇಶೆಂಟ್, ಜೊತೆಗೆ ಇಬ್ಬರು ಮನೆಮಂದಿ, ಏಳು ದಿನ ಇರಬೇಕು ಎಂದಿಟ್ಟುಕೊಳ್ಳಿ. ಲಾಡ್ಜ್‌ನ ಹುಡುಗನಿಗೆ ಹೇಳಿ ರೂಮಿಗೇ ತರಿಸಿದರೆ ಒಬ್ಬರಿಗೆ 150 ರೂಪಾಯಿ ಬಿತ್ತು ಅಂದರೆ ಏಳು ದಿನಕ್ಕೆ 3,150 ರೂಪಾಯಿ. ಅದೇ ಮೂವರು ಹೊರಗೆ ನಡೆದು ಹೋಗಿ ತಲಾ 40 ರೂಪಾಯಿಗೆ ತಿಂದರೆ 840. ನಡುವಿನ 2,310 ರೂಪಾಯಿ ಅಂದರೆ ಎಷ್ಟೋ ಮನೆಗಳಿಗೆ ಒಂದು ವಾರದ ಔಷಧಿ ರೊಕ್ಕ. ಇಲ್ಲಿಯ ದರ ಉದಾಹರಣೆಗೆ ಮಾತ್ರ. ಅಂತರ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆದರೆ ಅಂತರ ಇದ್ದೇ ಇರುತ್ತದೆ.

ಇದಕ್ಕೆಲ್ಲ ಮೂಲದ ತಪ್ಪು ಒಂದೇ: ನಾಷ್ಟಾವನ್ನು ಲಾಡ್ಜ್ ಬಾಗಿಲಲ್ಲಿ ಹುಡುಕುವುದು. ಲಾಡ್ಜ್ ಬಾಗಿಲ ಎದುರಿನ ಅಂಗಡಿಗೆ ಬರುವವರೆಲ್ಲ ಹೊರಗಿನವರು, ನಾಳೆ ಮತ್ತೆ ಬರುವವರಲ್ಲ. ಅಲ್ಲಿ ರೇಟು ಇಳಿಸಬೇಕೆಂಬ ಗರಜು ಅಂಗಡಿಯವನಿಗೆ ಇರುವುದಿಲ್ಲ. ದಿನವೂ ಅದೇ ಮಂದಿ ತಿನ್ನುವ ಜಾಗದಲ್ಲಿ ಮಾತ್ರ ರೇಟು ಹತೋಟಿಯಲ್ಲಿ ಇರುತ್ತದೆ. ಅಂಥ ಜಾಗ ಇರುವುದು ದವಾಖಾನೆ ಗೇಟು, ಬಸ್ ಸ್ಟ್ಯಾಂಡ್ ಹಿಂಬದಿ, ಹಮಾಲರು ಕೂಡುವ ಮಂಡಿ, ಹುಡುಗರ ಹಾಸ್ಟೆಲ್ ಗಲ್ಲಿ. ಬೆಳಗ್ಗೆ ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕೋ ಆ ದಾರಿಯಲ್ಲೇ ಹುಡುಕಿದರೆ ಸಮಯವೂ ಉಳಿಯುತ್ತದೆ.

ರೂಮ್ ಹಿಡಿಯುವಾಗಲೇ ಕೇಳಬೇಕಾದ್ದು

ಇಲ್ಲಿ ಹೋಟೆಲ್ ಅಂದರೆ ಚಹಾ, ಮಿರ್ಚಿ, ಪೂರಿ ಸಿಗುವ ಜಾಗ. ದೊಡ್ಡ ಊರಿನಲ್ಲಿ ಹೋಟೆಲ್ ಅಂದರೆ ಉಳಿಯುವ ಜಾಗವೂ ಹೌದು. ಮೊಬೈಲ್‌ನಲ್ಲಿ ರೂಮ್ ಬುಕ್ ಮಾಡುವ ಹುಡುಗರು ಈ ಗೊಂದಲ ದಾಟಿದ್ದಾರೆ, ಆದರೆ ಅಲ್ಲಿ ಕಾಣುವ ‘ಇಪಿ’, ‘ಸಿಪಿ’ ಎಂಬ ಎರಡು ಅಕ್ಷರಗಳನ್ನು ಬಹಳ ಮಂದಿ ನೋಡದೆ ಬಿಡುತ್ತಾರೆ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ರೂಮಿನ ಬಾಡಿಗೆಯಲ್ಲೇ ನಾಷ್ಟಾ ಸೇರಿದೆ. ಎರಡರ ಬಾಡಿಗೆಗೂ ಎಷ್ಟು ಫರಕು ಇದೆ ನೋಡಿ, ಅದನ್ನು ಮಂದಿಯ ಲೆಕ್ಕಕ್ಕೆ ಭಾಗಿಸಬೇಕು. ಇಬ್ಬರಿಗೆ 400 ರೂಪಾಯಿ ಹೆಚ್ಚು ಕೇಳುತ್ತಿದ್ದರೆ ತಲಾ 200ರ ನಾಷ್ಟಾ ಆಯಿತು. ಹೊಟ್ಟೆ ತುಂಬ ತಿನ್ನುವ ಹುಡುಗರಿಗೆ ಅದು ದುಬಾರಿ ಅನಿಸದೆ ಇರಬಹುದು. ಎರಡು ಇಡ್ಲಿ ತಿಂದು ಏಳುವ ಹಿರಿಯರಿಗೆ ಅದು ಸುಮ್ಮನೆ ಖರ್ಚು.

ಇನ್ನೊಂದು ಮಾತು. ಒಂದು ರಾತ್ರಿಗೆ ಒಂದೇ ನಾಷ್ಟಾ, ಅದೂ ಸಾಮಾನ್ಯವಾಗಿ ಮರುದಿನ ಬೆಳಗ್ಗೆ. ನಸುಕಿನ ಬಸ್ಸಿಗೆ ಹೋಗಿ ಬೆಳಗ್ಗೆ ಒಂಬತ್ತಕ್ಕೆ ರೂಮ್ ಹಿಡಿದವರು ‘ಇವತ್ತಿನ ನಾಷ್ಟಾ ಎಲ್ಲಿ?’ ಅಂತ ಕೇಳಿದರೆ ಕೌಂಟರ್‌ನವನು ನಾಳೆ ಅನ್ನುತ್ತಾನೆ. ಹಾಗೆಯೇ ಅಲ್ಲಿಯ ನಾಷ್ಟಾ ಶುರುವಾಗುವುದು ಏಳೂವರೆಗೋ ಎಂಟಕ್ಕೋ. ದವಾಖಾನೆಯಲ್ಲಿ ಚೀಟಿ ಮಾಡಿಸುವ ಸಾಲಿಗೆ ಏಳು ಗಂಟೆಗೇ ನಿಲ್ಲಬೇಕಾದವರಿಗೆ ಅದು ಸಿಗುವುದೇ ಇಲ್ಲ. ರೊಕ್ಕ ಕೊಟ್ಟಾಗಿದೆ, ತಿನ್ನಲು ಆಗಲಿಲ್ಲ. ಅಂಥವರು ಬರೀ ರೂಮು ಹಿಡಿಯುವುದೇ ಚಲೋ. ಇಲ್ಲವಾದರೆ ಹಿಂದಿನ ರಾತ್ರಿಯೇ ಕೌಂಟರ್‌ನಲ್ಲಿ ಹೇಳಿ ಪಾರ್ಸಲ್ ಕಟ್ಟಿಸಿಕೊಳ್ಳಬೇಕು. ಕೇಳಿದರೆ ಕೆಲವರು ಕಟ್ಟಿಕೊಡುತ್ತಾರೆ.

ಬಿಲ್ಲಿನ ವಿಷಯ ಅಂಗಡಿಕಾರರಿಗೆ ಹೊಸದಲ್ಲ, ಆದರೂ ಹೇಳಬೇಕು. ದಿನಕ್ಕೆ 7,500 ರೂಪಾಯಿ ಒಳಗಿನ ರೂಮಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದಕ್ಕೂ ಮುಂಚೆ ಶೇ 12 ಇತ್ತು. ಸಾದಾ ತಿಂಡಿ ಹೋಟೆಲ್‌ಗಳಲ್ಲಿ ತಿಂದದ್ದಕ್ಕೂ ಶೇ 5. ಕಂಪೋಸಿಷನ್ ಸ್ಕೀಮ್‌ನಲ್ಲಿ ಇರುವ ಸಣ್ಣ ಹೋಟೆಲ್ ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ‘ಸರ್ವಿಸ್ ಚಾರ್ಜ್’ ಅಂತ ಇನ್ನೊಂದು ಸಾಲು ಬಿಲ್ಲಿನಲ್ಲಿ ಇದ್ದರೆ ಅದು ತೆರಿಗೆ ಅಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಲು ನಾಚಿಕೆ ಬೇಕಿಲ್ಲ. ಮಾಲು ತರಲು ಹೋದಾಗ ತಿಂದ ನಾಷ್ಟಾದ ಜಿಎಸ್‌ಟಿಗೆ ಇನ್‌ಪುಟ್ ಸಿಗುತ್ತದೆ ಅಂತ ಬಿಲ್ ಜೋಪಾನ ಮಾಡುವ ವ್ಯಾಪಾರಿಗಳೂ ಇದ್ದಾರೆ. ಅದು ಸಿಗದು; ಊಟ–ತಿಂಡಿ ಮೇಲಿನ ಇನ್‌ಪುಟ್‌ಗೆ ಕಾಯ್ದೆಯಲ್ಲೇ ತಡೆ ಇದೆ.

ಹೈದರಾಬಾದ್: ಇಳಿಯುವ ಸ್ಟಾಪ್ ಮೇಲೆ ನಾಷ್ಟಾ

ಬೀದರ್ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ರಾಜ್ಯದ ಗಡಿ ಬದಲಾದರೂ ಬಸ್ಸಿನ ದಿಕ್ಕು ಬದಲಾಗಿಲ್ಲ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ, ನಿರ್ಣಾ ಸುತ್ತಿನವರು ಮನ್ನಾಎಖ್ಖೆಳ್ಳಿಯಲ್ಲಿ ಹೆದ್ದಾರಿ 65ರ ಬಸ್ ಹಿಡಿದರೆ ಜಹೀರಾಬಾದ್, ಪಟಾನ್‌ಚೆರು ದಾಟಿ ಹೈದರಾಬಾದ್. ಭಾಷೆಯ ಚಿಂತೆಯೂ ಇಲ್ಲ. ಇಲ್ಲಿ ಸಂತೆಯಲ್ಲಿ ಆಡುವ ಹಿಂದಿ–ಉರ್ದು ಮಾತು ಅಲ್ಲಿ ಸಲೀಸಾಗಿ ನಡೆಯುತ್ತದೆ. ನಾಷ್ಟಾ ಅಂದರೂ ತಿಳಿಯುತ್ತದೆ, ತೆಲುಗಿನವರ ಹತ್ತಿರ ‘ಟಿಫಿನ್’ ಅಂದರೆ ಸಾಕು.

ಬಸ್ ನಡುದಾರಿಯಲ್ಲಿ ಢಾಬಾ ಮುಂದೆ ನಿಂತಾಗ ಅವಸರಕ್ಕೆ ತಿನ್ನುವ ರೂಢಿ ಬಿಡುವುದು ಒಳ್ಳೆಯದು. ಅಲ್ಲಿ ಬೇರೆ ಅಂಗಡಿ ಇರುವುದಿಲ್ಲ, ಹತ್ತು ನಿಮಿಷ ಸಮಯ, ಕೇಳಿದ್ದಷ್ಟು ಕೊಡಬೇಕು. ಹೊಟ್ಟೆ ತಡೆಯದಿದ್ದರೆ ಜಹೀರಾಬಾದ್ ಬಸ್ ಸ್ಟ್ಯಾಂಡ್ ಸುತ್ತ ನಾಲ್ಕು ಕಡೆ ನೋಡಿ ತಿನ್ನಲು ಅವಕಾಶ ಇದೆ.

ಬೇಗಂ ಬಜಾರ್, ಉಸ್ಮಾನ್‌ಗಂಜ್‌ಗೆ ಹೋಗುವ ವ್ಯಾಪಾರಿಗಳು ಗೌಳಿಗುಡದ ಮಹಾತ್ಮಾ ಗಾಂಧಿ ಬಸ್ ಸ್ಟೇಷನ್‌ವರೆಗೂ ಹೋಗುತ್ತಾರೆ. ಹಳಬರು ಈಗಲೂ ಇದನ್ನು ಇಮ್ಲಿಬನ್ ಅನ್ನುತ್ತಾರೆ. ಬೇಗಂ ಬಜಾರ್‌ನ ಹೋಲ್‌ಸೇಲ್ ಅಂಗಡಿಗಳು ಬಾಗಿಲು ತೆಗೆಯುವುದು ಹತ್ತೂವರೆ–ಹನ್ನೊಂದರ ಹೊತ್ತಿಗೆ. ಅಂದರೆ ಒಂಬತ್ತಕ್ಕೆ ಇಳಿದವರಿಗೆ ಒಂದೂವರೆ ತಾಸು ಪುರುಸೊತ್ತು ಇರುತ್ತದೆ. ಬಸ್ ಇಳಿದ ಕೂಡಲೇ ಸ್ಟೇಷನ್ ಒಳಗಿನ ಸ್ಟಾಲ್‌ಗೆ ನುಗ್ಗದೆ ಗೌಳಿಗುಡ, ಅಫ್ಜಲ್‌ಗಂಜ್ ಕಡೆ ನಡೆದರೆ ಇಡ್ಲಿ ಬಂಡಿಗಳು ಸಿಗುತ್ತವೆ. ಹಮಾಲರು, ಆಟೋದವರು ನಿಂತು ತಿನ್ನುತ್ತಿರುವ ಬಂಡಿ ನೋಡಿಕೊಳ್ಳಬೇಕು. ಅವರು ದಿನವೂ ತಿನ್ನುವವರು, ರೇಟು ಹೆಚ್ಚಾದರೂ ರುಚಿ ಕೆಟ್ಟರೂ ಮರುದಿನ ಬೇರೆ ಬಂಡಿಗೆ ಹೋಗುತ್ತಾರೆ.

ಬಂಡಿಯಲ್ಲಿ ಇಡ್ಲಿ, ವಡಾ, ಪೂರಿ, ದೋಸೆ, ಉಪ್ಪಿಟ್ಟು ಹಾಕಿದ ದೋಸೆ ಮಾಮೂಲು. ‘ಮೈಸೂರ್ ಬಜ್ಜಿ’ ಅನ್ನುವುದೂ ಎಲ್ಲ ಕಡೆ ಇದೆ. ಮೈಸೂರಿಗೂ ಅದಕ್ಕೂ ಏನು ಸಂಬಂಧವೋ, ಮೈದಾ–ಮೊಸರಿನ ಗುಂಡಗಿನ ಬೋಂಡಾ ಅದು. ಎಣ್ಣೆಯದ್ದು, ಹೊಟ್ಟೆ ಭಾರ. ದವಾಖಾನೆಗೆ ಹೋಗುವ ದಿನ ಬೇಡ. ಶೇಂಗಾ ಚಟ್ನಿ ಮಾತ್ರ ಈ ಕಡೆಯವರ ನಾಲಿಗೆಗೆ ಕೂಡಲೇ ಹಿಡಿಸುತ್ತದೆ.

ರೇಟು ಕೇಳುವಾಗ ಪ್ಲೇಟಿನ ರೇಟು ಅಷ್ಟೇ ಕೇಳಿದರೆ ಮೋಸ ಹೋಗುವ ಸಂಭವ ಇದೆ. ಒಂದು ಕಡೆ ಪ್ಲೇಟಿಗೆ ಎರಡು ಇಡ್ಲಿ, ಇನ್ನೊಂದು ಕಡೆ ಮೂರು, ಬಂಡಿಯಲ್ಲಿ ನಾಲ್ಕೂ ಇರಬಹುದು. ಒಂದು ಇಡ್ಲಿಗೆ ಎಷ್ಟು ಬಿತ್ತು ಎಂಬುದೇ ಸರಿಯಾದ ಅಳತೆ. ತುಪ್ಪ, ಕಾರಂಪುಡಿ, ಬೆಣ್ಣೆ, ಚೀಸ್ ಅಂತ ಹೆಸರು ಸೇರಿದಂತೆಲ್ಲ ರೊಕ್ಕ ಏರುತ್ತದೆ. ನಾಂಪಲ್ಲಿ–ಮೊಜಂಜಾಹಿ ಮಾರ್ಕೆಟ್ ಹತ್ತಿರದ ರಾಮ್ ಕಿ ಬಂಡಿ, ಚಾರ್‌ಮಿನಾರ್ ಕಡೆಯ ಗೋವಿಂದ್ ಕಿ ಬಂಡಿ ಹೆಸರು ಮಾಡಿದ ಜಾಗಗಳು. ಅವು ರುಚಿಗೆ ಹೋಗುವ ಜಾಗ, ಉಳಿತಾಯಕ್ಕಲ್ಲ.

ಹಳೇ ಶಹರದ ಕಡೆ ಉಳಿದವರಿಗೆ ಬೆಳಗಿನ ಖಿಚಡಿ–ಖಟ್ಟಾ–ಖೀಮಾ, ನಹಾರಿ ಇದೆ. ಹೊಟ್ಟೆ ತುಂಬಿದರೆ ಮಧ್ಯಾಹ್ನ ಎರಡರ ತನಕ ಹಸಿವಿನ ಮಾತಿಲ್ಲ, ಆ ಲೆಕ್ಕದಲ್ಲಿ ನೋಡಿದರೆ ಅದು ದುಬಾರಿ ಅಲ್ಲ. ಇರಾನಿ ಹೋಟೆಲ್‌ನಲ್ಲಿ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು ಅಥವಾ ಬನ್ ತಿಂದು ಹೊರಡುವವರೂ ಬಹಳ. ರಂಜಾನ್ ತಿಂಗಳಲ್ಲಿ ಮಾತ್ರ ಆ ಭಾಗದ ಬಹಳಷ್ಟು ಹೋಟೆಲ್‌ಗಳು ಹಗಲು ನಡೆಯುವುದಿಲ್ಲ. ಆಗ ಗೌಳಿಗುಡ, ಕೋಠಿ, ಅಬಿಡ್ಸ್ ಕಡೆಯೇ ಬರಬೇಕು.

ದವಾಖಾನೆ ಮಂದಿಯ ದಾರಿ ಬೇರೆ. ಪಂಜಾಗುಟ್ಟದ ನಿಮ್ಸ್‌ಗೆ ಹೋಗುವವರು ಬಸ್ ಸ್ಟೇಷನ್ ತನಕ ಹೋಗಿ ಅಲ್ಲೇ ಲಾಡ್ಜ್ ಹಿಡಿದು ಮತ್ತೆ ಆಟೋದಲ್ಲಿ ವಾಪಸ್ ಬರುವುದು ಹಳೆಯ ರೂಢಿ. ಈಗ ಮೆಟ್ರೊ ಇದೆ. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವ ಕೆಂಪು ಮಾರ್ಗ ಅಮೀರ್‌ಪೇಟ್, ಪಂಜಾಗುಟ್ಟ, ಲಕಡಿಕಾಪುಲ್, ನಾಂಪಲ್ಲಿ, ಬಸ್ ಸ್ಟೇಷನ್ ಎಲ್ಲವನ್ನೂ ಮುಟ್ಟುತ್ತದೆ. ಪಂಜಾಗುಟ್ಟದ ಹಿಂದಿನ ಸ್ಟೇಷನ್ನೇ ಅಮೀರ್‌ಪೇಟ್. ಕಂಪ್ಯೂಟರ್ ಕೋಚಿಂಗ್ ಕಲಿಯಲು ಬಂದ ಸಾವಿರಾರು ಹುಡುಗರು ಹಾಸ್ಟೆಲ್‌ಗಳಲ್ಲಿ ತುಂಬಿರುವ ಜಾಗ ಅದು. ಅವರ ಜೇಬಿಗೆ ತಕ್ಕಂತೆ ಟಿಫಿನ್ ಸೆಂಟರ್‌ಗಳೂ ಇವೆ. ನಿಮ್ಸ್ ಎದುರು ದುಬಾರಿ ಅನಿಸಿದರೆ ಒಂದು ಸ್ಟೇಷನ್ ಹಿಂದೆ ತಿಂದು ಬರಬಹುದು.

ಲಕಡಿಕಾಪುಲ್–ರೆಡ್ ಹಿಲ್ಸ್ ಕಡೆ ಮಕ್ಕಳ ನಿಲೋಫರ್ ದವಾಖಾನೆ, ಎಂಎನ್‌ಜೆ ಕ್ಯಾನ್ಸರ್ ದವಾಖಾನೆ ಎರಡೂ ಇವೆ. ರೈಲಿನಲ್ಲಿ ನಾಂಪಲ್ಲಿಗೆ ಹೋಗಿ ಇಳಿದವರಿಗೆ ಇವು ಹತ್ತಿರ. ಉಸ್ಮಾನಿಯಾ ಜನರಲ್ ದವಾಖಾನೆ ಇರುವುದು ಅಫ್ಜಲ್‌ಗಂಜ್‌ನಲ್ಲಿ. ಮೆಟ್ರೊದ ‘ಉಸ್ಮಾನಿಯಾ ಮೆಡಿಕಲ್ ಕಾಲೇಜ್’ ಸ್ಟೇಷನ್ ಇರುವುದು ಕೋಠಿಯಲ್ಲಿ. ಹೆಸರು ನೋಡಿ ಇಳಿದು ಪೇಶೆಂಟ್ ಜೊತೆ ನಡೆಯುವ ಪಾಡು ಬೇಡ. ಬಸ್ ಸ್ಟೇಷನ್ ಹತ್ತಿರದ ಮೆಟ್ರೊದಲ್ಲಿ ಇಳಿದರೆ ಸಲೀಸು.

ಸರ್ಕಾರಿ ನಾಷ್ಟಾದ ಮಾತು ಬಹಳ ಮಂದಿಗೆ ಗೊತ್ತಿಲ್ಲ. ಹೈದರಾಬಾದ್ ಮಹಾನಗರ ಪಾಲಿಕೆ 2014ರಿಂದ 5 ರೂಪಾಯಿಗೆ ಮಧ್ಯಾಹ್ನದ ಊಟ ಕೊಡುತ್ತಿದ್ದ ಅನ್ನಪೂರ್ಣ ಕೇಂದ್ರಗಳು ಈಗ ಇಂದಿರಮ್ಮ ಕ್ಯಾಂಟೀನ್ ಆಗಿವೆ. 2025ರ ಸೆಪ್ಟೆಂಬರ್ ಕೊನೆಯಿಂದ ಅಲ್ಲಿ 5 ರೂಪಾಯಿಗೆ ನಾಷ್ಟಾವೂ ಶುರುವಾಗಿದೆ. ಸಿರಿಧಾನ್ಯದ ಇಡ್ಲಿ, ಉಪ್ಪಿಟ್ಟು, ಪೊಂಗಲ್, ಪೂರಿ ದಿನಕ್ಕೊಂದು. ವಾರಕ್ಕೆ ಆರು ದಿನ, ಭಾನುವಾರ ಇಲ್ಲ. ಎಲ್ಲ ಕೇಂದ್ರಗಳಲ್ಲೂ ಒಮ್ಮೆಲೇ ಆರಂಭವಾದದ್ದಲ್ಲ. ಹೋದ ದಿನವೇ ಸಂಜೆ ದವಾಖಾನೆ ವಾಚ್‌ಮನ್‌ಗೋ ಆಟೋದವರಿಗೋ ‘ಪಾಂಚ್ ರುಪಯ್ಯಾ ಟಿಫಿನ್ ಕಿಧರ್?’ ಅಂತ ಕೇಳಿಟ್ಟುಕೊಂಡರೆ ಮರುದಿನ ಅಲೆದಾಟ ತಪ್ಪುತ್ತದೆ. ಬೇಗ ಖಾಲಿಯಾಗುವುದರಿಂದ ತಡ ಮಾಡಿ ಹೋಗಿ ಫಾಯಿದೆ ಇಲ್ಲ. ಸರ್ಕಾರಿ ದವಾಖಾನೆಗಳಲ್ಲಿ ಪೇಶೆಂಟ್ ಜೊತೆ ಇರುವವರಿಗೆ ಮೂರೂ ಹೊತ್ತು 5 ರೂಪಾಯಿಯ ಆಹಾರ ಕೊಡುವ ಯೋಜನೆಯನ್ನು ತೆಲಂಗಾಣ ಸರ್ಕಾರ 2022ರ ಮೇನಲ್ಲಿ ಶುರು ಮಾಡಿತ್ತು. ಅಡ್ಮಿಟ್ ಮಾಡಿದ ಕೂಡಲೇ ಆ ಬಗ್ಗೆಯೂ ವಾರ್ಡಿನಲ್ಲಿ ವಿಚಾರಿಸಬೇಕು.

ಅಫ್ಜಲ್‌ಗಂಜ್ ಭಾಗದಲ್ಲಿ ಗುರುದ್ವಾರ ಇದೆ, ಅಮೀರ್‌ಪೇಟ್‌ನಲ್ಲೂ ಇದೆ. ಬೀದರ್ ನಾನಕ್ ಝೀರಾದಲ್ಲಿ ಲಂಗರ್ ಉಂಡವರಿಗೆ ಅಲ್ಲಿಯ ರೀತಿ ಹೇಳಿಕೊಡಬೇಕಿಲ್ಲ. ತಲೆ ಮೇಲೆ ಬಟ್ಟೆ, ಕಾಲು ತೊಳೆದು ಒಳಗೆ, ಸಾಲಿನಲ್ಲಿ ಕೂತರೆ ಜಾತಿ–ಊರು ಯಾರೂ ಕೇಳುವುದಿಲ್ಲ. ಹೊತ್ತು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಸಸ್ತಾ ಒಂದೇ ನೋಡಬಾರದ ಸಂದರ್ಭವೂ ಇದೆ. ಬಂಡಿಯಲ್ಲಿ ಕೂಡಲು ಜಾಗ ಇರುವುದಿಲ್ಲ, ಸಂಡಾಸ್ ಇರುವುದಿಲ್ಲ. ಹೆಣ್ಣುಮಕ್ಕಳು, ವಯಸ್ಸಾದವರು, ಮೊಣಕಾಲು ನೋವಿನವರು ಜೊತೆಗಿದ್ದರೆ ಕುಂತು ತಿನ್ನುವ ಉಡುಪಿ ಹೋಟೆಲ್‌ಗೆ ಇಪ್ಪತ್ತು–ಮೂವತ್ತು ರೂಪಾಯಿ ಹೆಚ್ಚು ಕೊಡುವುದು ದಂಡ ಅಲ್ಲ. ಅಬಿಡ್ಸ್‌ನಲ್ಲಿ 1948ರಿಂದ ಇರುವ ತಾಜ್ ಮಹಲ್ ಹೋಟೆಲ್‌ನಂಥ ಹಳೇ ಉಡುಪಿ ಮಾದರಿಯ ಹೋಟೆಲ್‌ಗಳು ಇದೇ ಕಾರಣಕ್ಕೆ ಊರಿಂದ ಬಂದವರ ನೆಚ್ಚಿನ ಜಾಗಗಳು. ಫ್ಯಾನ್ ಕೆಳಗೆ ಅರ್ಧ ತಾಸು ಕೂಡುವುದಕ್ಕೂ ಒಂದು ಬೆಲೆ ಇದೆ.

ಬೆಂಗಳೂರು: ನಿಂತು ತಿನ್ನುವ ಊರು

ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರು ಮೆಜೆಸ್ಟಿಕ್‌ನಲ್ಲಿ, ರೈಲಿನಲ್ಲಿ ಹೋದವರು ಬಹಳ ಮಟ್ಟಿಗೆ ಯಶವಂತಪುರದಲ್ಲಿ ಬೆಳಗ್ಗೆ ಇಳಿಯುತ್ತಾರೆ. ಲಾಡ್ಜ್‌ಗಳು ಹೆಚ್ಚಾಗಿ ಗಾಂಧಿನಗರ, ಕಾಟನ್‌ಪೇಟೆ, ಚಿಕ್ಕಪೇಟೆ ಸುತ್ತ. ಇಲ್ಲಿ ಸಸ್ತಾ ನಾಷ್ಟಾದ ಹೆಸರು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದ ಮೇಲೆ ಈ ಪದ್ಧತಿ ಊರೆಲ್ಲ ಹಬ್ಬಿತು. ಮೊದಲು ರೊಕ್ಕ ಕೊಟ್ಟು ಚೀಟಿ ತಗೊಳ್ಳಬೇಕು, ಆ ಚೀಟಿ ತೋರಿಸಿ ಕೌಂಟರ್‌ನಲ್ಲಿ ಪ್ಲೇಟ್ ಹಿಡಿಯಬೇಕು, ನಿಂತೇ ತಿನ್ನಬೇಕು. ಬಡಿಸುವವರು ಇಲ್ಲ, ಕುರ್ಚಿ ಇಲ್ಲ, ಆದ್ದರಿಂದ ರೇಟು ಇಳಿಯುತ್ತದೆ. ಹೊಸಬರು ಟೇಬಲ್ ಹತ್ತಿರ ನಿಂತು ಯಾರಾದರೂ ಬಂದು ಕೇಳಲಿ ಅಂತ ಕಾಯುತ್ತಾರೆ. ಯಾರೂ ಬರುವುದಿಲ್ಲ.

ಉಪ್ಪಿಟ್ಟು ಬೇಕಾದರೆ ಖಾರಾಬಾತ್ ಅನ್ನಬೇಕು. ಖಾರಾಬಾತ್, ಕೇಸರಿಬಾತ್ ಎರಡೂ ಸೇರಿದರೆ ಚೌಚೌ ಬಾತ್. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ‘ಬೈಟು’ ಅನ್ನುತ್ತಾರೆ, ಎರಡು ಲೋಟದಲ್ಲಿ ಕೊಡುತ್ತಾರೆ, ಯಾರೂ ಕೀಳಾಗಿ ನೋಡುವುದಿಲ್ಲ. ಒಂದು ಇಡ್ಲಿ, ಒಂದು ವಡೆ ಅಂತಲೂ ಕೇಳಬಹುದು. ಪೂರ್ತಿ ದೋಸೆ ತಿನ್ನಲಾಗದ ಹಿರಿಯರಿಗೆ ಅದೇ ಸಾಕು. ಸಾಂಬಾರ್ ವಿಷಯಕ್ಕೆ ಬಂದರೆ ಈ ಭಾಗದವರದ್ದು ಒಂದೇ ದೂರು: ‘ಸಾಂಬಾರ್‌ನಾಗ ಬೆಲ್ಲ ಹಾಕ್ಯಾರ.’ ಚಟ್ನಿ ತಗೊಂಡರೆ ಆ ದೂರು ಇಲ್ಲ.

ಇಂದಿರಾ ಕ್ಯಾಂಟೀನ್ ಬೆಂಗಳೂರಿನಲ್ಲಿ 2017ರ ಆಗಸ್ಟ್ 16ರಂದು ಶುರುವಾಯಿತು, ಆಮೇಲೆ ರಾಜ್ಯದ ಬೇರೆ ಊರುಗಳಿಗೂ ಬಂತು. ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. ಗುರುತಿನ ಚೀಟಿ, ರೇಷನ್ ಕಾರ್ಡ್ ಏನೂ ಬೇಡ, ಟೋಕನ್ ತಗೊಂಡು ಸಾಲಿನಲ್ಲಿ ನಿಂತರಾಯಿತು. ಬೆಳಗ್ಗೆ ಏಳೂವರೆ–ಎಂಟರೊಳಗೆ ಹೋದರೆ ಇಡ್ಲಿ ಸಿಗುವ ಖಾತ್ರಿ ಹೆಚ್ಚು. ‘ಬಡವರ ಕ್ಯಾಂಟೀನ್, ನಾವು ಹೋಗಬಹುದಾ’ ಅಂತ ಹಿಂಜರಿಯುವ ಅಂಗಡಿಕಾರರೂ ಇದ್ದಾರೆ. ಅಲ್ಲಿ ಸಾಲಿನಲ್ಲಿ ಆಟೋದವರ ಹಿಂದೆ ಟೈ ಕಟ್ಟಿದವರೂ ನಿಂತಿರುತ್ತಾರೆ.

ಕಿದ್ವಾಯಿ ಅಥವಾ ನಿಮ್ಹಾನ್ಸ್‌ಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಲಾಡ್ಜ್ ಹಿಡಿಯುವ ಮುಂಚೆ ಆ ದವಾಖಾನೆಗಳ ಧರ್ಮಶಾಲೆಯಲ್ಲಿ ಜಾಗ ಇದೆಯೇ ಅಂತ ವಿಚಾರಿಸಬೇಕು. ಎರಡೂ ಹೊಸೂರು ರಸ್ತೆ ಕಡೆ ಇವೆ. ಹತ್ತಿರ ಉಳಿದರೆ ಬೆಳಗಿನ ಬಸ್ ಚಾರ್ಜೂ ಉಳಿಯುತ್ತದೆ, ನಾಷ್ಟಾವೂ ದವಾಖಾನೆ ಮಂದಿ ತಿನ್ನುವ ಜಾಗದಲ್ಲೇ ಆಗುತ್ತದೆ.

ರೈಲು ಪ್ಲಾಟ್‌ಫಾರ್ಮ್ ಮೇಲೆ ಜನರಲ್ ಬೋಗಿ ನಿಲ್ಲುವ ಹತ್ತಿರ 20 ರೂಪಾಯಿಯ ಪೂರಿ–ಭಾಜಿ ಪೊಟ್ಟಣ ಕೆಲವು ಸ್ಟೇಷನ್‌ಗಳಲ್ಲಿ ಸಿಗುತ್ತದೆ. ಕೇಳದೆ ಯಾರೂ ತೋರಿಸುವುದಿಲ್ಲ. ರೈಲ್ ನೀರ್ ಒಂದು ಲೀಟರ್ ಬಾಟಲಿಗೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ. ‘ತಂಪು ಮಾಡಿದ್ದಕ್ಕೆ’ ಅಂತ 20 ಕೇಳಿದರೆ ಕೊಡಬೇಕಿಲ್ಲ.

ಸೊಲ್ಲಾಪುರಕ್ಕೆ ಹೋಗುವ ಬಸವಕಲ್ಯಾಣದವರಿಗೆ ಇಷ್ಟು ಹೇಳುವ ಅಗತ್ಯವಿಲ್ಲ. ಅಲ್ಲಿ ಪೋಹೆ, ಉಪ್ಪಿಟ್ಟು, ವಡಾಪಾವ್ ಬಂಡಿ ಮೂಲೆಗೊಂದು, ಕನ್ನಡವೂ ನಡೆಯುತ್ತದೆ.

ಗುಳಿಗೆ, ರಕ್ತ ಪರೀಕ್ಷೆ ಇದ್ದಾಗ

ದೊಡ್ಡ ಊರಿಗೆ ಹೋಗುವವರಲ್ಲಿ ಅರ್ಧಕ್ಕರ್ಧ ದವಾಖಾನೆ ಕೆಲಸದವರಾದ್ದರಿಂದ ಇದು ರೊಕ್ಕಕ್ಕಿಂತ ದೊಡ್ಡ ವಿಷಯ. ಸಕ್ಕರೆ ಕಾಯಿಲೆಯವರು ರೂಮಿನಲ್ಲೇ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ತಗೊಂಡು, ಆಮೇಲೆ ಸಸ್ತಾ ನಾಷ್ಟಾ ಹುಡುಕಲು ಹೊರಡಬಾರದು. ಅರ್ಧ ತಾಸು ಅಲೆದರೂ ಸಿಗದಿದ್ದರೆ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಹೊಸ ಊರಿನ ರಸ್ತೆಯಲ್ಲಿ ಹಾಗೆ ಕುಸಿದರೆ ಸುತ್ತಲಿನವರಿಗೆ ಕಾರಣವೂ ಗೊತ್ತಾಗುವುದಿಲ್ಲ. ಪ್ಲೇಟ್ ಕಣ್ಣ ಮುಂದೆ ಬರುವ ತನಕ ಔಷಧಿ ಚೀಲದಲ್ಲೇ ಇರಲಿ. ಜೇಬಿನಲ್ಲಿ ನಾಲ್ಕು ಚಾಕಲೇಟ್ ಅಥವಾ ಸಕ್ಕರೆ ಪೊಟ್ಟಣ ಇರಲಿ.

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದರೆ ಸಾಮಾನ್ಯವಾಗಿ ರಾತ್ರಿ ಊಟದ ನಂತರ ಎಂಟು ತಾಸಿಗಿಂತ ಹೆಚ್ಚು ಏನೂ ತಿಂದಿರಬಾರದು. ಚಹಾ ಕುಡಿದರೂ ಲೆಕ್ಕ ಕೆಡುತ್ತದೆ, ನೀರು ಕುಡಿಯಬಹುದು. ಬಸ್ಸಿನಲ್ಲಿ ಪಕ್ಕದವರು ಕೊಟ್ಟರು ಅಂತ ಎರಡು ಬಿಸ್ಕತ್ತು ತಿಂದು ಮತ್ತೊಂದು ದಿನ ಲಾಡ್ಜ್ ಬಾಡಿಗೆ ಕಟ್ಟಿದವರ ಕಥೆ ಊರಲ್ಲಿ ಹೊಸದಲ್ಲ. ತಿಂದ ಮೇಲಿನ ಪರೀಕ್ಷೆಗೆ ಮೊದಲ ತುತ್ತಿನಿಂದ ಎರಡು ತಾಸು ಎಣಿಸಬೇಕು, ತಿಂದು ಎದ್ದ ಮೇಲಿಂದ ಅಲ್ಲ. ಆದ್ದರಿಂದ ಆ ದಿನದ ನಾಷ್ಟಾ ಲ್ಯಾಬ್‌ಗೆ ನಡೆದು ಹೋಗುವ ದೂರದಲ್ಲೇ ಆಗಬೇಕು, ಹತ್ತು ರೂಪಾಯಿ ಹೆಚ್ಚಾದರೂ ಸರಿ. ದಿನವೂ ಮನೆಯಲ್ಲಿ ತಿನ್ನುವಂಥದ್ದೇ ತಿನ್ನಬೇಕು. ಊರಿಗೆ ಬಂದಿದ್ದೇವೆ ಅಂತ ಕೇಸರಿಬಾತ್ ತಿಂದು ಪರೀಕ್ಷೆ ಕೊಟ್ಟರೆ ವರದಿ ನೋಡಿ ಡಾಕ್ಟರ್ ಗುಳಿಗೆ ಹೆಚ್ಚಿಸಬಹುದು. ಎಂಡೋಸ್ಕೋಪಿ, ಆಪರೇಷನ್ ಇದ್ದವರಿಗೆ ನೀರು ಸಹ ಎಷ್ಟು ಹೊತ್ತಿನಿಂದ ಬಂದ್ ಎಂಬುದನ್ನು ದವಾಖಾನೆಯವರಿಂದಲೇ ಕೇಳಬೇಕು.

ಬುತ್ತಿ ಕಟ್ಟುವ ರೂಢಿ ಹೋಗಿಲ್ಲ

ಮೊದಲ ಎರಡು ದಿನಕ್ಕೆ ಮನೆಯ ಬುತ್ತಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಜ್ವಾಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕೆಡುವಂಥದ್ದಲ್ಲ. ಅಲ್ಲಿ ಒಂದು ಮೊಸರಿನ ಪ್ಯಾಕೆಟ್ ತಗೊಂಡರೆ ನಾಷ್ಟಾ ಮುಗಿಯಿತು, ಸಕ್ಕರೆ ಕಾಯಿಲೆಯವರಿಗೂ ಮೈದಾದ ಪೂರಿಗಿಂತ ಇದು ಚಲೋ. ವಗ್ಗರಣಿ ಹಾಕಿದ ಚುರುಮರಿ ಪ್ರಯಾಣದ ದಿನಕ್ಕೆ ಸರಿ, ಮರುದಿನಕ್ಕೆ ಮೆತ್ತಗಾಗುತ್ತದೆ. ಸುಸಲಾ ಅಂದೇ ತಿನ್ನಬೇಕು. ಮೆತ್ತನ ಚಪಾತಿ, ಪಲ್ಯ ಬೇಸಿಗೆಯಲ್ಲಿ ಬಸ್ಸಿನ ಕಾವಿಗೆ ಸಂಜೆಯೊಳಗೆ ಹಳಸುತ್ತದೆ, ಅದನ್ನು ಕಟ್ಟದಿರುವುದೇ ಮೇಲು. ರೂಮಿನೊಳಗೆ ಹೊರಗಿನ ತಿಂಡಿ ತರಬೇಡಿ ಅನ್ನುವ ಲಾಡ್ಜ್‌ಗಳು ಅಲ್ಲೊಂದು ಇಲ್ಲೊಂದು ಇವೆ. ಬುಕ್ ಮಾಡುವಾಗ ಕೇಳಿಕೊಂಡರೆ ಮುಂದೆ ಜಗಳ ಇಲ್ಲ.

ಸಸ್ತಾ ಅಂತ ಏನಾದರೂ ತಿನ್ನುವಂತಿಲ್ಲ. ಕಣ್ಣೆದುರು ಆವಿ ಏಳುವ ಇಡ್ಲಿ, ಆಗಲೇ ತವೆಯಿಂದ ತೆಗೆದ ದೋಸೆ ನಂಬಬಹುದು. ಬೆಳಗ್ಗೆ ಐದಕ್ಕೆ ರುಬ್ಬಿ ಹತ್ತು ಗಂಟೆಗೂ ತೆರೆದೇ ಇಟ್ಟ ಚಟ್ನಿ ಬೇಡ. ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿದ್ದರೆ ಮುಂದಿನ ಬಂಡಿಗೆ ನಡೆಯಬೇಕು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಸುಮಾರು 250 ಕಡೆ ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಇಂಥ ಹಾಳೆ ಬಳಸುತ್ತಿದ್ದುದು ಕಂಡುಬಂದು, 2025ರ ಫೆಬ್ರುವರಿಯಲ್ಲಿ ಅದನ್ನು ನಿಷೇಧಿಸುವುದಾಗಿ ಸರ್ಕಾರ ಹೇಳಿತು. ಬಂಡಿಯ ಡ್ರಮ್ಮಿನ ನೀರು ಕುಡಿಯುವುದಕ್ಕಿಂತ ಮನೆಯಿಂದ ಒಯ್ದ ಬಾಟಲಿಯನ್ನು ಲಾಡ್ಜ್ ಅಥವಾ ದವಾಖಾನೆಯ ಫಿಲ್ಟರ್‌ನಲ್ಲಿ ತುಂಬಿಕೊಳ್ಳುವುದು ಒಳ್ಳೆಯದು. ನಾಷ್ಟಾದಲ್ಲಿ ಉಳಿಸಿದ ರೊಕ್ಕ ಜುಲಾಬಿನ ಗುಳಿಗೆಗೆ ಹೋದರೆ ಏನು ಬಂತು.

ಮೊಬೈಲ್ ಆ್ಯಪ್‌ನಲ್ಲಿ ತರಿಸುವುದು ಹುಡುಗರಿಗೆ ಸುಲಭ ಅನಿಸುತ್ತದೆ. ಆದರೆ ಬಹಳ ಹೋಟೆಲ್‌ಗಳು ಆ್ಯಪ್‌ನಲ್ಲಿ ಬೇರೆ ರೇಟು ಹಾಕುತ್ತವೆ, ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಫೀ. ಒಂದು ಪ್ಲೇಟ್ ಇಡ್ಲಿಗೆ ಇದು ಹೊಂದುವುದಿಲ್ಲ. ಅದೇ ಆ್ಯಪ್ ಅಥವಾ ಮ್ಯಾಪ್ ತೆರೆದು ಹತ್ತಿರ ಯಾವ ಹೋಟೆಲ್ ಇದೆ, ಇಡ್ಲಿಗೆ ಎಷ್ಟು, ಎಷ್ಟಕ್ಕೆ ಬಾಗಿಲು ತೆಗೆಯುತ್ತದೆ ಅಂತ ನೋಡಿ ನಡೆದು ಹೋಗುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಸ್ಕ್ಯಾನ್ ಮಾಡಿ ರೊಕ್ಕ ಹಾಕುವಾಗ ಪ್ಲೇಟ್ ರೇಟು ಬಾಯಲ್ಲಿ ಹೇಳಿಸಿಕೊಂಡೇ ಹಾಕಬೇಕು, ಬೋರ್ಡ್ ಹಳೆಯದಿರಬಹುದು.

ಬಾಟಲಿಗೆ ಎಂಆರ್‌ಪಿ ಮೀರಿ ತಗೊಂಡರೆ, ಕೇಳಿದರೂ ಸರ್ವಿಸ್ ಚಾರ್ಜ್ ತೆಗೆಯದಿದ್ದರೆ, ರೂಮಿನ ಜೊತೆ ನಾಷ್ಟಾ ಅಂತ ಬುಕಿಂಗ್‌ನಲ್ಲಿ ಬರೆದು ಅಲ್ಲಿ ಕೊಡದಿದ್ದರೆ ಬಿಲ್ಲಿನ ಫೋಟೊ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕರೆಗೆ ಚಾರ್ಜ್ ಇಲ್ಲ, ಕನ್ನಡದಲ್ಲೂ ದೂರು ಹೇಳಬಹುದು. ಊರಿಗೆ ವಾಪಸ್ ಬಂದ ಮೇಲೂ ದೂರು ಕೊಡಲು ಬರುತ್ತದೆ, ಬಿಲ್ ಇದ್ದರೆ.